ಬ್ಯಾಟರಿ ಬದಲಿಸುವ ಮೊದಲು ಆ ಒಂದು ವರದಿಯನ್ನು ನೋಡಿ

ಏಳು ವರ್ಷ ಹಳೆಯದಾದ ನನ್ನ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆದ ಮೇಲೂ ಒಂದೂಕಾಲು ಗಂಟೆಯಲ್ಲಿ ಆರಿಹೋಗತೊಡಗಿದಾಗ, ಬ್ಯಾಟರಿಯ ಆಯುಷ್ಯ ಮುಗಿಯಿತೆಂದು ನಾನೇ ತೀರ್ಮಾನಿಸಿ, ಯಾವ ಪರೀಕ್ಷೆಯನ್ನೂ ಮಾಡದೆ, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ ಬದಲಿ ಬ್ಯಾಟರಿಯೊಂದನ್ನು ತರಿಸಿ ಹಾಕಿದೆ. ಹಳೆಯದನ್ನು ಅಂದೇ ಇ-ತ್ಯಾಜ್ಯಕ್ಕೆ ಕೊಟ್ಟುಬಿಟ್ಟೆ.

ಹೊಸ ಬ್ಯಾಟರಿಯಿಂದ ಹೆಚ್ಚಿಗೆ ದಕ್ಕಿದ್ದು ಹತ್ತೇ ನಿಮಿಷ. ಒಗ್ಗಿಕೊಳ್ಳಲು ಸಮಯ ಬೇಕೆಂದು ಮಾರಿದವರು ಹೇಳಿದ್ದನ್ನು ನಂಬಿ ಕಾದೆ. ಐದನೆಯ ತಿಂಗಳಿಗೆ ಟಚ್‌ಪ್ಯಾಡ್ ಒತ್ತಲಾಗದಷ್ಟು ಬಿಗಿಯಿತು; ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲುಗಾಡುತ್ತಿತ್ತು. ತಳದ ಮುಚ್ಚಳ ತೆಗೆದರೆ ಬ್ಯಾಟರಿ ದಿಂಬಿನಂತೆ ಉಬ್ಬಿಕೊಂಡಿತ್ತು. ಲಿಥಿಯಂ-ಅಯಾನ್ ಕೋಶದೊಳಗಿನ ಎಲೆಕ್ಟ್ರೋಲೈಟ್ ಎಂಬ ರಾಸಾಯನಿಕ ದ್ರವ ಒಡೆದು ಅನಿಲವಾದಾಗ ಹೀಗಾಗುತ್ತದೆ. ಅಂಥದ್ದನ್ನು ಮತ್ತೆ ಚಾರ್ಜ್ ಮಾಡಬಾರದು, ಒತ್ತಿ ಚಪ್ಪಟೆ ಮಾಡಲು ಹೋಗಬಾರದು, ಚುಚ್ಚುವುದಂತೂ ಬೆಂಕಿಗೆ ಆಹ್ವಾನ ಕೊಟ್ಟಂತೆ.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ (powercfg /batteryreport ಎಂದು ಟೈಪಿಸುವ) ಆಜ್ಞೆಯ ಮೂಲಕ ಬ್ಯಾಟರಿ ವರದಿಯನ್ನು ಪಡೆಯಬಹುದೆಂದು ತಿಳಿದದ್ದು ಇಷ್ಟೆಲ್ಲ ಆದ ಬಳಿಕ. ಆ ವರದಿ ಹಿಂದಿನ ವಾರಗಳ ಲೆಕ್ಕವನ್ನೂ ಇಟ್ಟಿರುತ್ತದೆ. ನಾನು ಬಿಸಾಡಿದ ಹಳೆಯ ಬ್ಯಾಟರಿಯ ಮೂಲ ಸಾಮರ್ಥ್ಯ, ಅಂದರೆ ಹೊಸದಿದ್ದಾಗ ತುಂಬಿಕೊಳ್ಳಬಲ್ಲ ವಿದ್ಯುತ್ತು, 48,000 ಮಿಲಿವ್ಯಾಟ್-ಅವರ್ ಆಗಿದ್ದರೆ, ಕೊನೆಯ ವಾರದಲ್ಲೂ ಅದು 39,000ದಷ್ಟು ತುಂಬಿಕೊಳ್ಳುತ್ತಿತ್ತು, ಅಂದರೆ ನೂರಕ್ಕೆ 81ರಷ್ಟು. ಲೇಬಲ್ಲಿನ ಮೇಲೆ 56,000 ಎಂದು ಬರೆದುಕೊಂಡಿದ್ದ ಹೊಸದು ಮೊದಲ ವಾರವೇ 44,000 ದಾಟಿರಲಿಲ್ಲ, ಉಬ್ಬುವ ಹೊತ್ತಿಗೆ 26,000ಕ್ಕೆ ಇಳಿದಿತ್ತು.

ಲೆಕ್ಕ ಅಲ್ಲಿಯೇ ಇತ್ತು. 39 ವ್ಯಾಟ್-ಅವರ್ (ಅಂದರೆ ಹಳೆಯ ಬ್ಯಾಟರಿಯ ಆ 39,000 ಮಿಲಿವ್ಯಾಟ್-ಅವರ್) ಒಂದೂಕಾಲು ಗಂಟೆಯಲ್ಲಿ ಖಾಲಿಯಾಗಬೇಕಾದರೆ ಯಂತ್ರ ಸುಮಾರು 31 ವ್ಯಾಟ್ ಎಳೆಯುತ್ತಿರಬೇಕು. ಬರೀ ಓದು-ಬರಹಕ್ಕೆ ನನ್ನ ಲ್ಯಾಪ್‌ಟಾಪಿಗೆ 10 ವ್ಯಾಟ್ ಧಾರಾಳವಾಗಿ ಸಾಕು. ಯಾವ ತಂತ್ರಾಂಶ ಎಷ್ಟು ದುಡಿಸುತ್ತಿದೆಯೆಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಾಗ ಕಳ್ಳ ಸಿಕ್ಕಿತು: ಕಡತಗಳನ್ನು ಕ್ಲೌಡ್‌ಗೆ ಏರಿಸುವ ತಂತ್ರಾಂಶವೊಂದು ಹಾಳಾದ ಒಂದೇ ಕಡತವನ್ನು ಮತ್ತೆ ಮತ್ತೆ ಕಳಿಸಲು ಹೆಣಗುತ್ತ, ಹಗಲಿರುಳು ಪ್ರೊಸೆಸರನ್ನು ದುಡಿಸುತ್ತಿತ್ತು. ಸುಮ್ಮನಿದ್ದಾಗಲೂ ಫ್ಯಾನ್ ಗುಯ್‌ಗುಡುತ್ತಿದ್ದುದನ್ನು ನಾನು ವಯಸ್ಸಿನ ಗೊರಕೆ ಎಂದುಕೊಂಡಿದ್ದೆ.

ಆದ್ದರಿಂದ ನಿಮ್ಮ ವರದಿಯಲ್ಲಿ ಈಗಿನ ಸಾಮರ್ಥ್ಯ ಮೂಲದ ಅರ್ಧಕ್ಕಿಂತ ಕೆಳಗಿದ್ದರೆ ಬ್ಯಾಟರಿಯನ್ನು ದೂರಿ; ಇಲ್ಲವಾದರೆ ಮೊದಲು ಒಳಗೆ ಏನು ಓಡುತ್ತಿದೆಯೆಂದು ಹುಡುಕಿ. ಬದಲಿಸಲೇಬೇಕಾಗಿ ಬಂದರೂ ಹೊಸದನ್ನು ಒಂದು ತಿಂಗಳು ಬಳಸಿ, ಮತ್ತೊಮ್ಮೆ ವರದಿ ತೆಗೆದು ನೋಡುವ ತನಕ ಹಳೆಯದನ್ನು ಕೈಬಿಡಬೇಡಿ.

ಆ ತಂತ್ರಾಂಶವನ್ನು ತೆಗೆದುಹಾಕಿದ ಮೇಲೆ ಫ್ಯಾನ್ ತಣ್ಣಗಾಗಿದೆ. ಈ ಮಾದರಿಗೆ ತಯಾರಕರ ಅಸಲಿ ಬ್ಯಾಟರಿ ಈಗ ಸಿಗುತ್ತಿಲ್ಲವಾದ್ದರಿಂದ, ನಾಲ್ಕು ಗಂಟೆ ಬಾಳಬಹುದಾಗಿದ್ದ ಲ್ಯಾಪ್‌ಟಾಪ್ ಅಡಾಪ್ಟರಿನ ತಂತಿಗೆ ಕಟ್ಟುಬಿದ್ದು ಮೇಜಿನ ಮೇಲೆಯೇ ಉಳಿದಿದೆ.