10ಕೆ ಸಮಯ ಇಳಿಸೋಕೆ ಯಾವುದು ಮೇಲು? ಟ್ರ್ಯಾಕ್, ನಿಧಾನ ಓಟ, ಏರು, ಟೆಂಪೊ: ನಾಲ್ಕನ್ನೂ ಓಡಿ ನೋಡಿದ ಮೇಲೆ

ಬೆಂಗಳೂರಿನ ವರ್ಲ್ಡ್ 10ಕೆ, ಅಂದರೆ ಹತ್ತು ಕಿಲೋಮೀಟರಿನ ರೇಸ್, ಹತ್ತಿರ ಬಂದಾಗೆಲ್ಲ ಓಡುವವರ ನಡುವೆ ಒಂದೇ ಪ್ರಶ್ನೆ ಸುತ್ತುತ್ತದೆ. 58 ನಿಮಿಷದಲ್ಲೇ ನಿಂತುಬಿಟ್ಟಿದ್ದೇನೆ, ಕೆಳಗೆ ಇಳಿಸೋದು ಹೇಗೆ? ಉತ್ತರಗಳಿಗೇನೂ ಬರವಿಲ್ಲ. ಟ್ರ್ಯಾಕಿಗೆ ಹೋಗಿ 400 ಮೀಟರ್ ಹೊಡಿ ಅನ್ನುವವರಿದ್ದಾರೆ. ವೇಗದ ಮಾತೇ ಬೇಡ, ಆರು ತಿಂಗಳು ಸುಮ್ನೆ ನಿಧಾನವಾಗಿ ಓಡು ಅನ್ನುವವರಿದ್ದಾರೆ. ಏರು ರಸ್ತೆ ಹುಡುಕಿಕೋ ಅನ್ನುವವರು, ಟೆಂಪೊ (ಸುಮಾರು ಒಂದು ಗಂಟೆ ಎಳೆಯಬಹುದಾದ ವೇಗದ ಓಟ) ಬಿಟ್ಟರೆ ಬೇರೆ ದಾರಿಯೇ ಇಲ್ಲ ಅನ್ನುವವರು ಬೇರೆ. ನಾನು ಈ ನಾಲ್ಕಕ್ಕೂ ಒಂದೊಂದು ಸೀಸನ್ ಕೊಟ್ಟು ನೋಡಿದ್ದೇನೆ. ಈಗ ನನಗೆ 41 ವರ್ಷ, ಆಫೀಸ್ ಕೆಲಸ, ವಾರಕ್ಕೆ ನಾಲ್ಕು ಬೆಳಗ್ಗೆ ಓಡೋಕೆ ಆಗುತ್ತದೆ, ಎಲ್ಲ ಸೇರಿ ಮೂವತ್ತು ಕಿಲೋಮೀಟರ್ ಆಸುಪಾಸು. ಹೆಚ್ಚುಕಮ್ಮಿ ನನ್ನ ಹಾಗೇ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 10ಕೆಯನ್ನು 40 ನಿಮಿಷಕ್ಕೆ ಮುಗಿಸುವವರ ಲೆಕ್ಕವೇ ಬೇರೆ. ಅದು ಯಾಕೆ ಅಂತ ಮುಂದೆ ಬರುತ್ತದೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ತುಂಡು ತುಂಡಾಗಿ ಓಡುವ ಟೆಂಪೊ. ಉಳಿದ ಮೂರೂ ಕೆಲಸಕ್ಕೆ ಬಾರದವು ಅಂತಲ್ಲ, ಆದರೆ ಇರುವುದು ವಾರಕ್ಕೆ ಮೂರೂವರೆ ಗಂಟೆ ಅಂತಾದರೆ ಆ ಗಂಟೆಗಳಿಗೆ ಅತಿ ಹೆಚ್ಚು ಬೆಲೆ ಕೊಟ್ಟದ್ದು ಅದೊಂದೇ.

ಟ್ರ್ಯಾಕಿನ 400 ಮೀಟರ್

ಇದಕ್ಕೆ ದೊಡ್ಡ ಹೆಸರಿದೆ. ಎಮಿಲ್ ಝಾಟೊಪೆಕ್ 400 ಮೀಟರನ್ನು ಮತ್ತೆ ಮತ್ತೆ ಓಡಿ ಓಡಿಯೇ ತಯಾರಾದವರು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5000, 10,000 ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದರು. ಹಾಗಾಗಿ ವೇಗ ಬೇಕು ಅಂದ ಕೂಡಲೇ ಎಲ್ಲರ ಬಾಯಲ್ಲೂ 400 ಬರುತ್ತದೆ.

ಟ್ರ್ಯಾಕಿನಲ್ಲಿ ಒಂದು ಸಂತೋಷ ಇರುವುದು ನಿಜ. ಅಡ್ಡ ಬರುವ ನಾಯಿ, ಬೈಕು, ಗುಂಡಿ ಯಾವುದೂ ಇಲ್ಲ. ಕೆಂಪು ನೆಲ ಕಾಲಿಗೆ ಹಿತ. ಆದರೆ ಲೇನ್ ನೋಡಿಕೊಳ್ಳಬೇಕು. 400 ಮೀಟರ್ ಅನ್ನುವುದು ಒಂದನೇ ಲೇನಿಗೆ ಮಾತ್ರ. ಹೊರಗಿನ ಒಂದೊಂದು ಲೇನಿಗೂ ಏಳೂವರೆ ಮೀಟರಿನಷ್ಟು ಸೇರುತ್ತಾ ಹೋಗುತ್ತದೆ, ಎಂಟನೇ ಲೇನಿನಲ್ಲಿ ಒಂದು ಸುತ್ತು ಸುಮಾರು 453 ಮೀಟರ್. ಸ್ಟೇಡಿಯಂನಲ್ಲಿ ಒಳಗಿನ ಲೇನುಗಳನ್ನು ನಿಜವಾದ ಅಥ್ಲೀಟ್‌ಗಳಿಗೆ ಬಿಡಬೇಕು, ಅದು ನ್ಯಾಯವೂ ಹೌದು. ಹಾಗಾಗಿ ನನ್ನಂಥವರು ಓಡುವುದು ಆರನೆಯದರಲ್ಲಿ. ಅಲ್ಲಿ ಒಂದು ಸುತ್ತು 438 ಮೀಟರ್ ಹತ್ತಿರ. ಕಿಲೋಮೀಟರಿಗೆ 5:30ರಂತೆ ಓಡೋಣ ಅಂದುಕೊಂಡು ಸುತ್ತನ್ನು 2 ನಿಮಿಷ 12 ಸೆಕೆಂಡಿಗೆ ಮುಗಿಸಿದರೆ, ನಿಜಕ್ಕೂ ಓಡಿರುವುದು 5 ನಿಮಿಷದ ಪೇಸ್, ಅಂದರೆ ಕಿಲೋಮೀಟರಿಗೆ 5 ನಿಮಿಷ. ನಾಲ್ಕನೇ ಸುತ್ತಿಗೇ ಕಾಲು ಕಲ್ಲಾಗುವುದು ಯಾಕೆ ಅಂತ ಗೊತ್ತಾಯಿತಲ್ವಾ?

ಫಲ ಬಂತಾ? ಬಂತು. 58ರಿಂದ 56ರ ಒಳಗೆ ಇಳಿದೆ, 5ಕೆಯಂತೂ ಎದ್ದು ಕಾಣುವಷ್ಟು ಸುಧಾರಿಸಿತು. ಉಸಿರು ಕಟ್ಟಿ ಓಡುವ ಭಯ ಹೋಯಿತು, ಕಾಲು ಎತ್ತಿಡುವ ರೀತಿ ಚುರುಕಾಯಿತು. ಆದರೆ ಇದಕ್ಕೆ ತೆತ್ತ ಬೆಲೆ ಜಾಸ್ತಿ. ಮಂಗಳವಾರ ಟ್ರ್ಯಾಕಿನಲ್ಲಿ ಜೋರಾಗಿ ಓಡಿದರೆ ಗುರುವಾರದವರೆಗೂ ಮೀನಖಂಡ ಬಿಗಿ, ಆಫೀಸಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತಿತ್ತು. ಅದರಿಂದ ವಾರದ ಇನ್ನೊಂದು ಓಟ ಹಾಳು. ಮೊದಲ ಆರು ವಾರ ಚೆನ್ನಾಗಿ ಮೇಲೇರಿದ್ದು ಆಮೇಲೆ ಅಲ್ಲೇ ನಿಂತಿತು. ಇಪ್ಪತ್ತೈದರ ಹುಡುಗರಿಗೆ ಹೀಗಾಗುವುದಿಲ್ಲ, ಅವರು ಮರುದಿನವೇ ಎದ್ದು ಓಡುತ್ತಾರೆ. ನಲವತ್ತರ ಮೈಗೆ ಎರಡು ದಿನ ಬೇಕು.

ನಿಧಾನ ಓಟ

ಇದರ ಬೆಂಬಲಿಗರ ಮಾತು ಕೇಳೋಕೆ ಬಹಳ ಸಮಾಧಾನ. ಕೋಚ್ ಫಿಲ್ ಮ್ಯಾಫಟೋನ್ ಅವರ ಸೂತ್ರ ಅಂತ ಒಂದಿದೆ: 180ರಿಂದ ನಿಮ್ಮ ವಯಸ್ಸು ಕಳೆಯಿರಿ, ಎದೆಬಡಿತ ಆ ಸಂಖ್ಯೆ ದಾಟದ ಹಾಗೆ ಓಡಿ. ಅವರ ಶಿಷ್ಯ ಮಾರ್ಕ್ ಆಲನ್ ಈಜು, ಸೈಕಲ್, ಓಟ ಮೂರೂ ಸೇರಿದ ಹವಾಯಿಯ ಐರನ್‌ಮ್ಯಾನ್ ರೇಸನ್ನು ಆರು ಸಲ ಗೆದ್ದವರು. ಅದಕ್ಕೂ ಮುಂಚೆ ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ತಮ್ಮ ಹುಡುಗರಿಗೆ ವಾರಕ್ಕೆ ನೂರು ಮೈಲಿ ಓಡಿಸುತ್ತಿದ್ದರು, 800 ಮೀಟರ್ ಓಡುವವರಿಗೂ ಅದೇ. ಆ ಗುಂಪಿನ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ ಗೆದ್ದರು.

ನಾನು ಇದನ್ನು ಹಿಡಿದಾಗ ನನ್ನ ವಯಸ್ಸು 40, ಅಂದರೆ ಮಿತಿ 140. ಆ ಮಿತಿಯಲ್ಲಿ ನನ್ನ ಪೇಸ್ ಕಿಲೋಮೀಟರಿಗೆ ಏಳೂವರೆ ನಿಮಿಷ, ಸಣ್ಣ ಏರು ಬಂದರೂ ನಡಿಗೆ. ಮಾರ್ಚ್ ತಿಂಗಳ ಸೆಕೆ ಶುರುವಾದ ಮೇಲೆ ಅದೇ ಪೇಸಿಗೆ ಎದೆಬಡಿತ ಇನ್ನೂ ಎಂಟು ಹತ್ತು ಮೇಲೆ. ಇನ್ನೊಂದು ವಿಷಯ, ಕೈಗಡಿಯಾರದ ಸೆನ್ಸರ್ ಕೆಲವು ಸಲ ಎದೆಬಡಿತ ಬಿಟ್ಟು ಹೆಜ್ಜೆಯ ಲಯವನ್ನೇ ಹಿಡಿದುಬಿಡುತ್ತದೆ. ನಿಮಿಷಕ್ಕೆ 165 ಹೆಜ್ಜೆ ಹಾಕುತ್ತಿದ್ದರೆ ಎದೆಬಡಿತವೂ 165 ಅಂತ ತೋರಿಸುತ್ತದೆ. ಆರಾಮಾಗಿ ಮಾತಾಡಿಕೊಂಡು ಓಡುತ್ತಿದ್ದರೂ ಗಡಿಯಾರದಲ್ಲಿ ದೊಡ್ಡ ಸಂಖ್ಯೆ ಕಂಡರೆ ಗಾಬರಿ ಬೇಡ, ಎದೆಗೆ ಕಟ್ಟುವ ಪಟ್ಟಿ ತಗೊಳ್ಳಿ. ಈ ಸೂತ್ರ ನಂಬಿ ಓಡುವವರಿಗೆ ಅದು ಬೇಕೇ ಬೇಕು.

ಸೀಸನ್ ಮುಗಿಯುವ ಹೊತ್ತಿಗೆ ಅದೇ 140ಕ್ಕೆ ಏಳು ನಿಮಿಷದ ಪೇಸ್ ಬಂತು. ಎಲ್ಲೂ ನೋವಿಲ್ಲ, ನಿದ್ದೆ ಚೆನ್ನಾಗಿ ಬರುತ್ತಿತ್ತು, ಓಟದ ಮೇಲೆ ಪ್ರೀತಿಯೂ ಹೆಚ್ಚಿತು. ಆದರೆ 10ಕೆ ಸಮಯ? 57 ಚಿಲ್ಲರೆ. ಟ್ರ್ಯಾಕಿನಲ್ಲಿ ಗಳಿಸಿದ್ದನ್ನೂ ಉಳಿಸಿಕೊಳ್ಳಲು ಆಗಲಿಲ್ಲ.

ಇದು ಆ ದಾರಿಯ ದೋಷ ಅಂತ ನಾನು ಹೇಳುವುದಿಲ್ಲ. ಲಿಡಿಯಾರ್ಡ್ ಹುಡುಗರ ನೂರು ಮೈಲಿ ಅಂದರೆ 160 ಕಿಲೋಮೀಟರ್, ನನ್ನದು ಮೂವತ್ತು. ನಿಧಾನ ಓಟದ ಶಕ್ತಿ ಇರುವುದೇ ರಾಶಿಯಲ್ಲಿ. ಐದರಲ್ಲಿ ನಾಲ್ಕು ಪಾಲು ನಿಧಾನ ಇರಲಿ ಅನ್ನುವ ಮಾತು ವಾರಕ್ಕೆ ಹತ್ತು ಹನ್ನೆರಡು ಗಂಟೆ ಓಡುವವರಿಂದ ಬಂದದ್ದು. ಅವರಿಗೆ ಉಳಿದ ಒಂದು ಪಾಲೇ ಎರಡು ಗಂಟೆಗೂ ಮೇಲೆ ಆಗುತ್ತದೆ. ನಮಗೆ ಅದೇ ಲೆಕ್ಕ ಹಾಕಿದರೆ ನಲವತ್ತು ನಿಮಿಷ. ಅದನ್ನೂ ತೆಗೆದುಬಿಟ್ಟರೆ ಮೈಗೆ ಹೊಸದಾಗಿ ಕಲಿಯೋಕೆ ಏನು ಉಳಿಯಿತು? ಆದರೆ ಇನ್ನೂ ಐದು ಕಿಲೋಮೀಟರ್ ನಿಲ್ಲದೆ ಓಡಲಾಗದವರು ಈ ದಾರಿಯಲ್ಲೇ ಶುರು ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ.

ಏರು

ಇದರ ಬಗ್ಗೆ ಹೇಳೋದು ಕಮ್ಮಿ. ಹೆಬ್ಬಾಳದ ಆಚೆಯ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದ ಏರಿಳಿತದ ರಸ್ತೆಗಳು ಬೆಂಗಳೂರಿನ ಓಟಗಾರರಿಗೆಲ್ಲ ಗೊತ್ತು. ಒಂದು ನಿಮಿಷ ಜೋರಾಗಿ ಹತ್ತು, ನಡೆದು ಇಳಿ, ಮತ್ತೆ ಹತ್ತು. ಅಷ್ಟೇ. ಏರಿನಲ್ಲಿ ನೆಲದ ಪೆಟ್ಟು ಕಡಿಮೆ, ಹಾಗಾಗಿ ಟ್ರ್ಯಾಕಿನಷ್ಟೇ ಏದುಸಿರು ಬಂದರೂ ಮರುದಿನ ಕಾಲು ಹಗುರ. ತೊಡೆ, ಸೊಂಟ ಗಟ್ಟಿಯಾಗುತ್ತವೆ. ಮುಂದಕ್ಕೆ ಬಾಗಿ ಕೈ ಬೀಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ, ಏರೇ ಕಲಿಸುತ್ತದೆ. ಇಳಿಯುವಾಗ ಮಾತ್ರ ಓಡಬೇಡಿ, ಮೊಣಕಾಲಿಗೆ ಬೀಳುವ ಪೆಟ್ಟೆಲ್ಲ ಅಲ್ಲೇ.

ಸಮತಟ್ಟು ರಸ್ತೆಯ ರೇಸಿಗೆ ಇದೊಂದೇ ಸಾಲದು. ಒಂದು ನಿಮಿಷದ ತಾಕತ್ತು 55 ನಿಮಿಷಕ್ಕೆ ಹಿಗ್ಗುವುದಿಲ್ಲ. ಆದರೆ ನಮ್ಮ ಊರಿನ 10ಕೆ ಸಮತಟ್ಟಲ್ಲವಲ್ಲ! ಕೊನೆಯ ಎರಡು ಕಿಲೋಮೀಟರಿನಲ್ಲಿ ಸಣ್ಣದೊಂದು ಏರು ಬಂದರೆ ಜನ ನಡೆಯೋಕೆ ಶುರು ಮಾಡುತ್ತಾರೆ. ಏರು ಓಡಿದ ವರ್ಷ ಅಲ್ಲಿ ನನ್ನ ಹೆಜ್ಜೆ ಮುರಿಯಲಿಲ್ಲ. ಸಮಯ 56ರ ಸುತ್ತಮುತ್ತ, ಟ್ರ್ಯಾಕ್ ವರ್ಷದಷ್ಟೇ, ಆದರೆ ಅದರ ಅರ್ಧ ನೋವಿಗೆ. ಇವೆರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಏರನ್ನೇ ಆರಿಸುತ್ತೇನೆ.

ಟೆಂಪೊ, ಅದರಲ್ಲೂ ತುಂಡು ಟೆಂಪೊ

ಈಗ ನನ್ನ ಮೆಚ್ಚಿನದಕ್ಕೆ ಬರೋಣ. ಟೆಂಪೊ ಅಂದರೆ ಸುಮಾರು ಒಂದು ಗಂಟೆ ಎಳೆಯಬಹುದಾದ ವೇಗ. ಆ ವೇಗದವರೆಗೂ ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟೇಟ್ ಅನ್ನು ಮೈ ಅಲ್ಲಲ್ಲೇ ಬಳಸಿಕೊಳ್ಳುತ್ತಾ ಹೋಗುತ್ತದೆ, ದಾಟಿದರೆ ಅದು ರಕ್ತದಲ್ಲಿ ಏರತೊಡಗುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲಲೇಬೇಕು. ಹಾಲು ಉಕ್ಕುವ ಮುಂಚಿನ ಹದ ಇದ್ದ ಹಾಗೆ. ಉರಿ ಅಲ್ಲಿಗೇ ಹಿಡಿದಿಟ್ಟುಕೊಳ್ಳುವುದೇ ಇಡೀ ಅಭ್ಯಾಸ.

ನಮ್ಮಂಥವರ ಲೆಕ್ಕ ಬೇರೆ ಅಂದೆನಲ್ಲ, ಅದು ಇಲ್ಲಿದೆ. 40 ನಿಮಿಷಕ್ಕೆ 10ಕೆ ಮುಗಿಸುವವರಿಗೆ ಒಂದು ಗಂಟೆಯ ವೇಗ ಅವರ 10ಕೆ ವೇಗಕ್ಕಿಂತ ನಿಧಾನ, ಕಿಲೋಮೀಟರಿಗೆ ಹತ್ತು ಸೆಕೆಂಡಿನಷ್ಟು. 58 ನಿಮಿಷ ತಗೊಳ್ಳುವವರಿಗೆ ಒಂದು ಗಂಟೆಯ ವೇಗ ಅಂದರೆ ಅದೇ 10ಕೆ ವೇಗ! ಅವರಿಗೆ ಟೆಂಪೊ ಒಂದು ಪೂರಕ ಅಭ್ಯಾಸ, ನಮಗೆ ರೇಸಿನ ತಾಲೀಮೇ ಅದು. ವೇಗದ ಓಟಗಾರರಿಗೆ ಬರೆದ ಪ್ಲಾನ್ ನೋಡಿ "10ಕೆ ಪೇಸ್‌ಗಿಂತ ಹತ್ತು ಸೆಕೆಂಡ್ ನಿಧಾನ" ಅಂತ ಓಡಿದರೆ ನಮಗೆ ಅದು ತೀರಾ ಸುಲಭವಾಗುತ್ತದೆ, "10ಕೆ ಪೇಸಿನಲ್ಲಿ 400" ಅಂತ ಓಡಿದರೆ ಅದಕ್ಕಿಂತ ಸುಲಭ. ಹಾಗಾಗಿ ಪೇಸ್ ನೋಡಿ ಪ್ಲಾನ್ ನಕಲು ಮಾಡಬೇಡಿ, ಎಷ್ಟು ಹೊತ್ತಿನ ವೇಗ ಅನ್ನುವುದನ್ನು ನೋಡಿ.

ಟೆಂಪೊದಲ್ಲೇ ಎರಡು ಬಗೆ. ಇಪ್ಪತ್ತು ನಿಮಿಷ ಒಂದೇ ಸಮ ಓಡುವುದು ಒಂದು. ಅದನ್ನೇ ಒಂದೊಂದು ಕಿಲೋಮೀಟರಿನ ತುಂಡು ಮಾಡಿ, ನಡುವೆ ಒಂದು ನಿಮಿಷ ಮಾತ್ರ ವಿರಾಮ ಕೊಟ್ಟು ಓಡುವುದು ಇನ್ನೊಂದು. ಅಮೆರಿಕದ ಕೋಚ್ ಜ್ಯಾಕ್ ಡೇನಿಯಲ್ಸ್ ಎರಡನ್ನೂ ಹೇಳಿಕೊಟ್ಟಿದ್ದಾರೆ. ನಾರ್ವೆಯವರು ಎರಡನೆಯದನ್ನು ಇನ್ನೂ ಮುಂದಕ್ಕೆ ಒಯ್ದರು. ಓಟದ ನಡುವೆ ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್ ಅಳೆಯುತ್ತಾ, ಒಂದೇ ದಿನ ಬೆಳಗ್ಗೆ ಸಂಜೆ ಎರಡು ಸಲ ಮಾಡುತ್ತಾರೆ. 2024ರ ಪ್ಯಾರಿಸ್‌ನಲ್ಲಿ 5000 ಮೀಟರ್ ಚಿನ್ನ ಗೆದ್ದ ಯಾಕೋಬ್ ಇಂಗೆಬ್ರಿಗ್ಟ್‌ಸೆನ್ ಬೆಳೆದದ್ದು ಹೀಗೇ. ನಮಗೆ ರಕ್ತವೂ ಬೇಡ, ಎರಡು ಸಲವೂ ಬೇಡ. ವಾರಕ್ಕೆ ಎರಡು ಬೆಳಗ್ಗೆ ಸಾಕು.

ನಾನು ಓಡುವುದು ಬೆಳಗಿನ ಜಾವ ವಾಹನವಿಲ್ಲದ ಕಬ್ಬನ್ ಪಾರ್ಕಿನ ಒಳರಸ್ತೆಯಲ್ಲಿ. ಹತ್ತು ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಂಡು, ಒಂದು ಕಿಲೋಮೀಟರಿನ ಐದು ತುಂಡು. ದಟ್ಟ ಮರಗಳ ಕೆಳಗೆ ಜಿಪಿಎಸ್ ತಪ್ಪು ತೋರಿಸುತ್ತದೆ, ಪೇಸ್ ಒಮ್ಮೆ 4:50, ಮರುಕ್ಷಣ 6:10. ಅದಕ್ಕೇ ನಾನು ಗಡಿಯಾರ ಬಿಟ್ಟು ಉಸಿರು ನೋಡುತ್ತೇನೆ. ಮೊದಲ ತುಂಡು ಬಹಳ ಸುಲಭ ಅನಿಸಬೇಕು, ಇಷ್ಟೇನಾ ಅನ್ನುವ ಹಾಗೆ. ಮೂರನೆಯದರಲ್ಲಿ ಉಸಿರು ಎರಡು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ಪಕ್ಕದಲ್ಲಿ ಓಡುವವರು ಏನಾದರೂ ಕೇಳಿದರೆ "ಹ್ಞೂಂ, ಬಂದೆ, ನಡಿ" ಅಷ್ಟು ಹೇಳೋಕೆ ಆಗಬೇಕು, ಪೂರ್ತಿ ಕಥೆ ಹೇಳೋಕೆ ಆಗಬಾರದು. ಐದನೆಯದು ಮುಗಿದಾಗ ಇನ್ನೊಂದು ಓಡಬಹುದಿತ್ತು ಅನಿಸಬೇಕು, ಓಡಬಾರದು. ಮೊಣಕಾಲ ಮೇಲೆ ಕೈ ಇಟ್ಟು ಬಾಗುವ ಸ್ಥಿತಿ ಬಂತು ಅಂದರೆ ಆ ದಿನ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ.

ಒಂದೇ ಸಮ ಇಪ್ಪತ್ತು ನಿಮಿಷ ಓಡುವುದನ್ನೂ ಅದೇ ಸೀಸನ್ನಿನಲ್ಲಿ ಮಾಡಿ ನೋಡಿದೆ. ಮನಸ್ಸು ಗಟ್ಟಿಯಾಗುತ್ತದೆ, ರೇಸಿನ ನಡುವಿನ ಬೇಸರಕ್ಕೆ ಒಳ್ಳೆಯ ಮದ್ದು. ಆದರೆ ಹದಿಮೂರನೇ ನಿಮಿಷದ ಹೊತ್ತಿಗೆ ಅದು ನನಗೆ ಗೊತ್ತಿಲ್ಲದೆಯೇ ರೇಸ್ ಆಗಿಬಿಡುತ್ತಿತ್ತು. ತುಂಡು ಮಾಡಿದರೆ ಆ ಒಂದು ನಿಮಿಷದ ವಿರಾಮ ಉರಿಯನ್ನು ಇಳಿಸುತ್ತದೆ, ಅದೇ ವೇಗದಲ್ಲಿ ಒಟ್ಟು ಇಪ್ಪತ್ತೈದು ಮೂವತ್ತು ನಿಮಿಷ ಸಲೀಸಾಗಿ ಸಿಗುತ್ತದೆ, ಮರುದಿನ ಕಾಲು ಏನೂ ಆಗದಂತೆ ಇರುತ್ತದೆ. ನನ್ನ ಮಟ್ಟಿಗೆ ಎಲ್ಲ ನಿರ್ಧಾರ ಆದದ್ದು ಇಲ್ಲೇ. ಟ್ರ್ಯಾಕಿನ ಅಭ್ಯಾಸ ಆರು ವಾರಕ್ಕೆ ಬತ್ತಿತು, ಇದು ಇಡೀ ಸೀಸನ್ ನಡೆಯಿತು. ಒಂದು ವಾರವೂ ತಪ್ಪಲಿಲ್ಲ.

ಆ ವರ್ಷದ ಸಮಯ 52 ನಿಮಿಷದ ಒಳಗೆ.

ಮೊದಲ ಮೂರು ವರ್ಷದ ಓಟ ಮೈಯಲ್ಲಿ ಸೇರಿಕೊಂಡಿತ್ತಲ್ಲ, ಅದರ ಪಾಲೂ ಇದೆಯಲ್ವಾ ಅಂತ ಕೇಳಬಹುದು. ಇದೆ, ಖಂಡಿತ. ಆದರೆ ಒಂದೇ ಸೀಸನ್ನಿನಲ್ಲಿ ನಾಲ್ಕು ನಿಮಿಷ ಬೇರೆ ಯಾವುದೂ ಕೊಡಲಿಲ್ಲ. ನನ್ನ ಜೊತೆ ಓಡುವ ಇಬ್ಬರಿಗೂ ಇದೇ ಅನುಭವ. ಅವರಲ್ಲಿ ಒಬ್ಬರಂತೂ ಬೇರೆ ಏನನ್ನೂ ಮುಟ್ಟದೆ ಸೀದಾ ಇದನ್ನೇ ಶುರು ಮಾಡಿದವರು.

ಶೂ ಬಗ್ಗೆಯೂ ಕೇಳುತ್ತಾರೆ. ಕಾರ್ಬನ್ ಪ್ಲೇಟಿನ ಶೂ ಹಾಕಿ ಓಡಿದರೆ ಹೆಜ್ಜೆ ಪುಟಿಯುವುದು ನಿಜ, ದುಡ್ಡಿದ್ದರೆ ರೇಸಿನ ದಿನ ಹಾಕಿಕೊಳ್ಳಿ. ಆದರೆ ಅದರ ಲಾಭ ವೇಗದವರಿಗೆ ಸಿಗುವಷ್ಟು ಆರು ನಿಮಿಷದ ಪೇಸಿನವರಿಗೆ ಸಿಗುವುದಿಲ್ಲ. ಆ ದುಡ್ಡಿನಲ್ಲಿ ಸಾಧಾರಣ ಶೂ ಎರಡು ಜೊತೆ, ಒಂದು ಎದೆಪಟ್ಟಿ ಬಂದು ಇನ್ನೂ ಉಳಿಯುತ್ತದೆ.

ಈಗ ನನ್ನ ವಾರ ಹೀಗಿದೆ. ಮಂಗಳವಾರ ಐದು ತುಂಡು, ಶುಕ್ರವಾರ ಮೂರು ನಿಮಿಷದ ಎಂಟು ತುಂಡು, ಬುಧವಾರ ಮತ್ತು ಭಾನುವಾರ ಮಾತಾಡಿಕೊಂಡು ನಿಧಾನ ಓಟ. ಎರಡು ವಾರಕ್ಕೊಮ್ಮೆ ಶುಕ್ರವಾರದ ಬದಲು ಏರು. ರೇಸಿಗೆ ಮೂರು ವಾರ ಇರುವಾಗ ಟ್ರ್ಯಾಕಿಗೆ ಹೋಗಿ ಕೆಲವು 400, ಕಾಲು ಚುರುಕಾಗಲಿ ಅಂತ ಅಷ್ಟೇ.

ನಿಮ್ಮ ವೇಗ ಯಾವುದು ಅಂತ ಗೊತ್ತಿಲ್ಲದಿದ್ದರೆ ಒಬ್ಬರೇ ಮೂವತ್ತು ನಿಮಿಷ ಸಾಧ್ಯವಾದಷ್ಟು ಜೋರಾಗಿ, ಒಂದೇ ಸಮನಾಗಿ ಓಡಿ. ಕೊನೆಯ ಇಪ್ಪತ್ತು ನಿಮಿಷದ ಸರಾಸರಿ ಎದೆಬಡಿತ ನಿಮ್ಮ ಟೆಂಪೊ ಗಡಿಗೆ ಹತ್ತಿರ ಇರುತ್ತದೆ. ತುಂಡುಗಳನ್ನು ಅದಕ್ಕಿಂತ ಮೂರು ನಾಲ್ಕು ಬಡಿತ ಕೆಳಗೇ ಇಟ್ಟುಕೊಳ್ಳಿ. ಹುಮ್ಮಸ್ಸು ಬಂದ ದಿನ ವೇಗ ಏರಿಸಬೇಡಿ. ಹೊಸ ರೇಸಿನಲ್ಲಿ ಹೊಸ ಸಮಯ ಬಂದ ಮೇಲಷ್ಟೇ ಏರಿಸಿ, ಅದೂ ಕಿಲೋಮೀಟರಿಗೆ ಐದು ಸೆಕೆಂಡ್.