ಆರು ಬಾಟಲಿ ಸ್ಪ್ರೇ, ಒಂದು ಹಠಮಾರಿ ಪಟ್ಟಿ

ಮಗಳ ಕಾರ್ ಸೀಟಿನ ಉಚ್ಚೆ ನಾತಕ್ಕೆಂದು ತಂದ, ಕೊಳೆಯನ್ನು ಒಡೆಯುವ ಕಿಣ್ವ (ಎನ್ಜೈಮ್) ಇರುವ ಸ್ಪ್ರೇಯ ಈ ವಿಮರ್ಶೆಯನ್ನು ಮೊದಲ ತಿಂಗಳಲ್ಲಿ ಬರೆದಿದ್ದರೆ ಒಂದು ನಕ್ಷತ್ರ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಮೂರನೆಯ ತಿಂಗಳಲ್ಲಾಗಿದ್ದರೆ ಐದು ಕೊಡುತ್ತಿದ್ದೆ. ಈಗ ಹದಿನಾಲ್ಕು ತಿಂಗಳಾಗಿ ಆರನೆಯ ಬಾಟಲಿ ನಡೆಯುತ್ತಿದೆ, ಕೊಡುವುದು ಮೂರು. ಕಡಿತವಾದ ಎರಡಕ್ಕೂ ಬಾಟಲಿಯೊಳಗಿನ ದ್ರವ ಹೊಣೆಯಲ್ಲ, ಮೇಲೆ ಅಂಟಿಸಿದ ಚೀಟಿ ಹೊಣೆ.

ಮಗಳಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ಡಯಾಪರ್ ಬಿಡಿಸಿ ಹತ್ತು ದಿನವಾಗಿತ್ತಷ್ಟೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟಿದ್ದೆವು. ತಿಪಟೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ ಉಚ್ಚೆ ಬಂದಿಲ್ಲ ಎಂದು ಖಂಡತುಂಡವಾಗಿ ಹೇಳಿದವಳು ಅರಸೀಕೆರೆ ದಾಟುವ ಹೊತ್ತಿಗೆ ಮಾತು ನಿಲ್ಲಿಸಿದಳು. ಕಡೂರಿನಲ್ಲಿ ಹಿಂದಿನ ಬಾಗಿಲು ತೆರೆದು ನೋಡಿದರೆ ಅವಳ ಸೀಟಿನ ಕವರ್ ತೊಯ್ದು, ಅದರಡಿಯ ಸ್ಪಂಜು ತೊಯ್ದು, ತೊಡೆಗಳ ನಡುವಿನಿಂದ ಮೇಲೆ ಬರುವ ಪಟ್ಟಿಯೂ ಅದರ ತುದಿಯ ಬಕಲ್ಲೂ ತೊಯ್ದಿದ್ದವು. ಒರೆಸಿ, ಟವೆಲ್ ಹಾಸಿ ಊರು ಸೇರಿದೆವು. ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರಿನ ಬಾಗಿಲನ್ನು ಮರುದಿನ ತೆಗೆದಾಗ ಬಂದ ನಾತವನ್ನು ವರ್ಣಿಸುವುದಿಲ್ಲ. ಇದನ್ನು ಓದುತ್ತಿರುವವರಿಗೆ ಅದರ ಪರಿಚಯ ಇದ್ದೇ ಇರುತ್ತದೆ.

ಅಮ್ಮ ಕಾರಿನೊಳಗೆ ಸಾಂಬ್ರಾಣಿ ಹೊಗೆ ಹಾಕಿದರು. ಎರಡು ವಾಸನೆ ಸೇರಿ ಮೂರನೆಯದೊಂದು ಹುಟ್ಟಿತು. ನಾನು ನೆಲ ಒರೆಸುವ ಸೋಂಕುನಿವಾರಕ ದ್ರವದಲ್ಲಿ ಕವರನ್ನು ಅದ್ದಿ ತೆಗೆದೆ. ನಾಲ್ಕು ದಿನ ನಿಂಬೆಹುಲ್ಲಿನ ಪರಿಮಳ, ಐದನೆಯ ದಿನ ಮಳೆ, ಮಳೆಯ ಜೊತೆಗೆ ಅದೇ ನಾತ. ಬ್ಲೀಚಿಂಗ್ ಪುಡಿ ಹಾಕಿ ನೋಡು ಎಂದು ಸಲಹೆ ಕೊಟ್ಟ ಬಂಧುಗಳೂ ಇದ್ದರು. ದಯವಿಟ್ಟು ಬೇಡ. ಹಳಸಿದ ಮೂತ್ರದಲ್ಲಿ ಅಮೋನಿಯ ಇರುತ್ತದೆ. ಬ್ಲೀಚ್ ಅದಕ್ಕೆ ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ. ಮುಚ್ಚಿದ ಕಾರಿನಲ್ಲಿ, ಅದೂ ಮಗು ಕೂರುವ ಜಾಗದಲ್ಲಿ, ಅಂಥ ಪ್ರಯೋಗ ಯಾರಿಗೂ ಬೇಡ.

ಹೀಗೆ ಈ ಕಿಣ್ವದ ಸ್ಪ್ರೇ ಮನೆಗೆ ಬಂತು. ಅರ್ಧ ಲೀಟರಿಗೆ ನಾನು ಕೊಟ್ಟದ್ದು 450 ರೂಪಾಯಿ. ತಿಂಗಳ ಸಾಮಾನಿನ ಪಟ್ಟಿಗೆ ಇದನ್ನೂ ಸೇರಿಸಬೇಕಾಯಿತಲ್ಲ ಎಂದು ಗೊಣಗಿಕೊಂಡೇ ತಂದೆ. ನಾಲ್ಕು ಸಲ ಪುಸ್ ಪುಸ್ ಎನ್ನಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಏನೂ ಆಗಲಿಲ್ಲವೆಂದು ಬೈದುಕೊಂಡೆ. ಇಡೀ ತಿಂಗಳು ಹೀಗೆಯೇ ಬೈದೆ. ತಪ್ಪು ನನ್ನದೇ ಎಂದು ತಿಳಿದದ್ದು ಚೀಟಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದ ಮೇಲೆ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯ ಮಾಡುತ್ತವೆ. ಅದು ಗಾಳಿಗೆ ಹೋದರೂ ನೀರಿನಲ್ಲಿ ಸುಲಭಕ್ಕೆ ಕರಗದ ಯೂರಿಕ್ ಆಮ್ಲದ ಹರಳುಗಳು ಬಟ್ಟೆಯ ಎಳೆಗಳಲ್ಲಿ ಕೂತಿರುತ್ತವೆ. ಮಳೆಗಾಲದ ತೇವ ತಾಕಿತೆಂದರೆ ನಾತ ಮತ್ತೆ ಏಳುತ್ತದೆ. ಕಿಣ್ವ ಇದನ್ನೆಲ್ಲ ಬಿಡಿಸಬೇಕಾದರೆ ಬಟ್ಟೆ ಚೆನ್ನಾಗಿ ತೊಯ್ದಿರಬೇಕು, ಸಮಯವೂ ಕೊಡಬೇಕು. ಒಣಗಿತೆಂದರೆ ಕೆಲಸ ನಿಂತಂತೆ. ಮೊದಲೇ ಸೋಂಕುನಿವಾರಕ ಸುರಿದಿದ್ದರೆ ಕಿಣ್ವದ ಕೈಯನ್ನು ನಾವೇ ಕಟ್ಟಿಹಾಕಿದಂತೆ. ಒರೆಸಿ ಒರೆಸಿ ಕೆಡಿಸಿದವನು ನಾನು, ಬೈಗುಳ ತಿಂದದ್ದು ಬಾಟಲಿ.

ಅಲ್ಲಿಂದ ಮುಂದೆ ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಸೀಟು ಬಿಚ್ಚುವ ಹೊತ್ತು. ಮಗಳು ಮಲಗಿದ ಮೇಲೆ ಸೀಟನ್ನು ಹಜಾರಕ್ಕೆ ತಂದು ಹಳೆಯ ಲುಂಗಿಯ ಮೇಲೆ ಇಡುತ್ತೇನೆ. ಬಿಚ್ಚುವ ಮೊದಲು ಪಟ್ಟಿಗಳು ಯಾವ ಸೀಳಿನಿಂದ ಹೊರಟು ಎಲ್ಲಿ ಸೇರುತ್ತವೆ ಎಂದು ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದುಕೊಳ್ಳುತ್ತೇನೆ. ಒಮ್ಮೆ ತೆಗೆಯದೆ ಬಿಚ್ಚಿ ರಾತ್ರಿ ಒಂದು ಗಂಟೆಯವರೆಗೆ ಪರದಾಡಿದ್ದೇನೆ. ಕವರನ್ನು ಕೊಡವಿದರೆ ಕಡಲೆಪುರಿ, ಚಕ್ಕುಲಿಯ ಚೂರು, ಒಂದು ಬಳಪ, ಒಮ್ಮೆ ಅಮ್ಮ ತಿಂಗಳಿಂದ ಹುಡುಕುತ್ತಿದ್ದ ಸೇಫ್ಟಿ ಪಿನ್ನು. ಕಲೆಯಿದ್ದ ಜಾಗಕ್ಕೆ, ಅದರಿಂದ ನಾಲ್ಕು ಬೆರಳು ಆಚೆಗೂ, ಸ್ಪ್ರೇ ಕುಡಿಸಿ ಮೇಲೆ ಒದ್ದೆ ಬಟ್ಟೆ ಮುಚ್ಚಿ ಬಿಡುತ್ತೇನೆ. ಚೀಟಿ ಹೇಳುವುದು ಹದಿನೈದು ನಿಮಿಷ, ನಾನು ಒಂದು ಗಂಟೆ ಬಿಡುತ್ತೇನೆ. ನಂತರ ಕವರ್ ತಣ್ಣೀರಿನಲ್ಲಿ ವಾಷಿಂಗ್ ಮೆಷಿನ್ನಿಗೆ. ಥರ್ಮಕೋಲಿನಂಥ ಒಳಭಾಗಕ್ಕೂ ಪ್ಲಾಸ್ಟಿಕ್ ಚಿಪ್ಪಿಗೂ ಸೋಪು ನೀರಿನಲ್ಲಿ ಹಿಂಡಿದ ಬಟ್ಟೆ ಸಾಕು. ಎರಡನೆಯ ಶನಿವಾರಕ್ಕೇ ಕವರಿನ ವಾಸನೆ ಮಾಯವಾಗಿತ್ತು. ಮೂಗನ್ನು ಒತ್ತಿ ಮೂಸಿ ನೋಡಿದೆ. ಬಟ್ಟೆಗೆ ಬಟ್ಟೆಯ ವಾಸನೆಯೇ ಇತ್ತು. ಐದು ನಕ್ಷತ್ರದ ದಿನಗಳೆಂದರೆ ಅವೇ.

ಆದರೆ ಕಾರಿನಲ್ಲಿ ನಾತ ಪೂರ್ತಿ ಹೋಗಿರಲಿಲ್ಲ. ಅದು ತೊಡೆಗಳ ನಡುವಿನ ಪಟ್ಟಿಯಲ್ಲಿತ್ತು.

ಈಗ ಚೀಟಿಯ ವಿಷಯ. "ಎಲ್ಲ ಬಗೆಯ ಬಟ್ಟೆಗೂ, ಮಕ್ಕಳ ಕಾರ್ ಸೀಟಿಗೂ ಸುರಕ್ಷಿತ" ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಅದನ್ನು ನಂಬಿ ಪಟ್ಟಿಗೂ ಹೊಡೆಯಲು ಕೈ ಎತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಸೀಟಿನ ಕೈಪಿಡಿ ತಂದು ಮುಂದಿಟ್ಟಳು. ಪಟ್ಟಿಯನ್ನು ನೀರಿನಲ್ಲಿ ನೆನೆಸಬಾರದು, ಮೆಷಿನ್ನಿಗೆ ಹಾಕಬಾರದು, ಸ್ವಚ್ಛಕಾರಕ ರಾಸಾಯನಿಕ ಯಾವುದೂ ತಾಕಬಾರದು. ಮೃದು ಸೋಪಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುವುದು ಮಾತ್ರ ಸರಿ ಎಂದಿತ್ತು. ಅಪಘಾತದ ಕ್ಷಣದಲ್ಲಿ ಮಗುವನ್ನು ಹಿಡಿದು ನಿಲ್ಲಿಸುವುದು ಆ ನೇಯ್ಗೆ. ಎಳೆ ದುರ್ಬಲವಾದರೆ ಕಣ್ಣಿಗೆ ಕಾಣುವುದಿಲ್ಲ, ಕೈಗೂ ತಿಳಿಯುವುದಿಲ್ಲ. ಅಡುಗೆ ಸೋಡಾ, ವಿನೆಗರ್, ನಿಂಬೆರಸ ಎಲ್ಲಕ್ಕೂ ಇದೇ ಮಾತು. ನಿಮ್ಮ ಸೀಟಿನ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು, ಸ್ಪ್ರೇ ಮಾರುವವರದಲ್ಲ.

ಸ್ಪ್ರೇ ಕಂಪನಿಗೆ ಮಿಂಚಂಚೆ ಬರೆದೆ. ಪಟ್ಟಿಯ ಬಲದ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿದ್ದಕ್ಕೆ, "ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುತ್ತದೆಯೇ ನೋಡಿ" ಎಂಬ ಉತ್ತರ ಬಂತು. ನಾನು ಬಣ್ಣದ ಮಾತು ಎತ್ತಿರಲೇ ಇಲ್ಲ. ಎರಡು ನಕ್ಷತ್ರ ಹೋದದ್ದು ಅಲ್ಲಿ.

ಮುಂದಿನ ಎಂಟು ತಿಂಗಳು ಪಟ್ಟಿಯನ್ನು ಸೋಪು ಬಟ್ಟೆಯಿಂದ ಒರೆಸುವುದೇ ಆಯಿತು. ಬಕಲ್ಲನ್ನು ಮಾತ್ರ ಕೈಪಿಡಿ ಹೇಳಿದಂತೆ, ಪಟ್ಟಿ ತೊಯ್ಯದ ಹಾಗೆ ಹಿಡಿದು, ಲೋಟದ ಬೆಚ್ಚನೆಯ ನೀರಿನಲ್ಲಿ ಅಲ್ಲಾಡಿಸಿದೆ. ಎಣ್ಣೆ ಗಿಣ್ಣೆ ಹಾಕಲಿಲ್ಲ. ಒಣಗಿಸುವುದು ನೆರಳಲ್ಲಿ, ಫ್ಯಾನಿನ ಕೆಳಗೆ. ತಾಳಲಾರದ ಬಿಸಿಲೂ ಆ ಎಳೆಗಳಿಗೆ ಒಳ್ಳೆಯದಲ್ಲ. ಸೀಟು ಒಣಗುವ ಎರಡು ದಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಎಂದು ಅಮ್ಮ ಪ್ರತಿ ಸಲವೂ ಹೇಳಿದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಸೀಟಿಲ್ಲದೆ ಕರೆದೊಯ್ದರೆ 2019ರ ತಿದ್ದುಪಡಿಯಂತೆ 1000 ರೂಪಾಯಿ ದಂಡ ಎಂದೆ. ದಂಡದ ಮಾತು ಕೇಳಿ ಸುಮ್ಮನಾದರು. ಸುರಕ್ಷತೆಯ ಮಾತಿಗೆ ಆಗಿರಲಿಲ್ಲ.

ನಡುವೆ 600 ರೂಪಾಯಿ ಕೊಟ್ಟು ನೀರು ಇಳಿಯದ ಹಾಸೊಂದನ್ನೂ ತಂದೆ. ದಪ್ಪಗಿತ್ತು. ಸೀಟಿನ ಜೊತೆ ಪರೀಕ್ಷೆಯಾಗದ ಹಾಸನ್ನು ಮಗುವಿನಡಿ ಇಟ್ಟರೆ ಡಿಕ್ಕಿಯಲ್ಲಿ ಅದು ಅದುಮಿಹೋಗಿ ಪಟ್ಟಿ ಸಡಿಲವಾಗಬಹುದು ಎಂದು ಓದಿದ ಮೇಲೆ ಅದು ಸೋಫಾದ ಪಾಲಾಯಿತು.

ಕೊನೆಗೆ ಸೀಟಿನ ಕಂಪನಿಯವರನ್ನೇ ಕೇಳಿದೆ. ತೊಡೆಯ ಪಟ್ಟಿ ಬಕಲ್ ಸಮೇತ ಬಿಡಿಯಾಗಿ ಸಿಗುತ್ತದೆಯಂತೆ! 1,800 ರೂಪಾಯಿ, ಇಪ್ಪತ್ಮೂರು ದಿನಕ್ಕೆ ಬಂತು. ನಾಲ್ಕು ಬಾಟಲಿಯ ದುಡ್ಡು. ಮೊದಲೇ ಕೇಳಬೇಕೆಂದು ಹೊಳೆಯದೆ ಹೋದದ್ದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಕೈಪಿಡಿಯಲ್ಲಿದ್ದಂತೆ ಹಾಕಿ, ಬಕಲ್ ಟಕ್ಕೆನ್ನುವುದನ್ನು ಕೇಳಿ, ಭುಜದ ಬಳಿ ಪಟ್ಟಿ ಸಡಿಲವಿದೆಯೇ ಎಂದು ಚಿವುಟಿ ನೋಡಿದೆ. ಬೆರಳಿಗೆ ಮಡಿಕೆ ಸಿಗಲಿಲ್ಲ. ಕಾರಿನ ನಾತ ಆ ದಿನಕ್ಕೇ ಮುಗಿಯಿತು.

ಹಳೆಯ ಪಟ್ಟಿಯನ್ನು ಬಾಲ್ಕನಿಯ ಮೊಳೆಗೆ ತೂಗುಹಾಕಿದ್ದೇನೆ. ಇದು ಜುಲೈ, ಮಳೆ ಬಂದ ಸಂಜೆ ಹತ್ತಿರ ಹೋದರೆ ಇನ್ನೂ ಅರಸೀಕೆರೆ ನೆನಪಾಗುತ್ತದೆ. ಮಗಳು ಈಗ ತಿಪಟೂರಿಗಿಂತ ಮೊದಲೇ ಕಾರು ನಿಲ್ಲಿಸುತ್ತಾಳೆ, ಅಗತ್ಯವಿದ್ದರೂ ಇಲ್ಲದಿದ್ದರೂ. ಆರನೆಯ ಬಾಟಲಿ ಅರ್ಧ ಉಳಿದಿದೆ. ಕಳೆದ ವಾರ ಹಾಸಿಗೆಗೆ ಬೇಕಾಯಿತು.