ನರಕೋಶದ ಗೋಡೆ ಚಾರ್ಟ್: ಕಾಸಿಗೆ ಮೋಸವಿಲ್ಲ, ಡೆಂಡ್ರೈಟ್ ಮಾತ್ರ ಖಾಲಿ

ತುಮಕೂರಿನ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಲ್ಯಾಮಿನೇಟೆಡ್ ಚಾರ್ಟ್ ಇದು. ಅಕ್ಷರ ಕೊನೆಯ ಬೆಂಚಿಗೂ ಕಾಣುತ್ತದೆ, ಮೈಲಿನ್ ಹೊದಿಕೆ, ರಾನ್ವಿಯರ್ ಗಂಟು ಎಲ್ಲ ಸರಿಯಾಗಿವೆ. ಪಿಯು ತರಗತಿಗೆ ಧಾರಾಳವಾಗಿ ಕೊಳ್ಳಬಹುದು. ಬಿ.ಎಸ್ಸಿ. ಮಕ್ಕಳಿಗೆ ಪಾಠ ಮಾಡುವವರು ಮಾತ್ರ ತಿದ್ದಿಕೊಂಡೇ ನೇತುಹಾಕಬೇಕು.

ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳನ್ನೆಲ್ಲ ಕೋಶಕಾಯದೊಳಗೇ, ಅಂದರೆ ನರಕೋಶದ ನಡುಭಾಗದೊಳಗೇ ಗುಡ್ಡೆ ಹಾಕಿದ್ದಾರೆ. ಸಂಕೇತ ಪಡೆಯುವ ಕವಲು, ಅಂದರೆ ಡೆಂಡ್ರೈಟ್, ಬರೀ ಕೊಳವೆ. ಪ್ರೋಟೀನೆಲ್ಲ ಕೋಶಕಾಯದಲ್ಲಿ ತಯಾರಾಗಿ ತುದಿಗೆ ಹೋಗುತ್ತದೆ ಎಂದು ಬಾಣ ಬೇರೆ! ಕೆಲವು ಪ್ರೋಟೀನ್‌ಗಳ ಆ ಪಯಣ ಎಷ್ಟು ನಿಧಾನ ಎಂದರೆ, ದಿನಕ್ಕೆ 1 ಮಿ.ಮೀ. ಸಾಗುವ ನಿಧಾನ ಸಾಗಣೆಯಲ್ಲಿ 1 ಮೀಟರ್ ಆಕ್ಸಾನ್ (ಸಂಕೇತ ಹೊರಗೊಯ್ಯುವ ಉದ್ದ ಎಳೆ) ದಾಟಲು 1000 ದಿನ ಬೇಕು. ಡೆಂಡ್ರೈಟ್‌ನಲ್ಲೂ ನಿಸ್ಲ್ ಕಣಗಳು (ರೈಬೋಸೋಮ್ ತುಂಬಿದ ಕಣಗಳು) ಇವೆ ಎಂದು ಪಿಯು ಪಠ್ಯದಲ್ಲೇ ಇದೆ. 1982ರಲ್ಲಿ ಸ್ಟೀವರ್ಡ್ ಮತ್ತು ಲೆವಿ ಡೆಂಡ್ರೈಟ್ ಮೇಲಿನ ಪುಟ್ಟ ಉಬ್ಬುಗಳ, ಅಂದರೆ ಮುಳ್ಳುಗಳ, ಬುಡದಲ್ಲಿ ಪಾಲಿರೈಬೋಸೋಮ್ (ಸಾಲುಗಟ್ಟಿದ ರೈಬೋಸೋಮ್) ಗೊಂಚಲುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. 1996ರಲ್ಲಿ ಕಾಂಗ್ ಮತ್ತು ಶುಮನ್ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಹೋಳಿನಲ್ಲಿ ಕೋಶಕಾಯದ ಪದರವನ್ನೇ ಕತ್ತರಿಸಿ ಬೇರ್ಪಡಿಸಿದರು. ಆದರೂ ಬಿಡಿಎನ್‌ಎಫ್ ಎಂಬ ಬೆಳವಣಿಗೆಯ ಪ್ರೋಟೀನ್ ಕೊಟ್ಟಾಗ ಸಿನಾಪ್ಸ್, ಅಂದರೆ ನರಕೋಶಗಳ ನಡುವಿನ ಸಂಧಿ, ಬಲಗೊಂಡಿತು. ಪ್ರೋಟೀನ್ ತಯಾರಿ ತಡೆದರೆ ಬಲಗೊಳ್ಳಲಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಂತೆ, ಹಿಟ್ಟು ಮೊದಲೇ ರುಬ್ಬಿಟ್ಟಿರುತ್ತದೆ, ಗಿರಾಕಿ ಕೂತ ಮೇಲೆ ಬೇಯಿಸುವುದು. ಇಲ್ಲಿ ಹಿಟ್ಟು ಎಂದರೆ ಪ್ರೋಟೀನ್ ತಯಾರಿಯ ಸೂಚನೆ ಹೊತ್ತ ಎಂಆರ್‌ಎನ್‌ಎ.

ತಿದ್ದಲು ಕೆಂಪು, ನೀಲಿ ಪರ್ಮನೆಂಟ್ ಮಾರ್ಕರ್ ಸಾಕು. ತಪ್ಪಿದರೆ ಸ್ಪಿರಿಟ್ ಹತ್ತಿಯಲ್ಲಿ ಒರೆಸಬಹುದು. ಮೊದಲು ಡೆಂಡ್ರೈಟ್ ಉದ್ದಕ್ಕೂ ಮೈಕ್ರೋಟ್ಯೂಬ್ಯೂಲ್ (ಕೋಶದೊಳಗಿನ ಸಾಗಣೆಯ ಹಳಿ) ಗೆರೆ ಎಳೆದು, ಅದರ ಮೇಲೆ ಕೈನೆಸಿನ್ ಎಂಬ ಸಾಗಣೆ ಪ್ರೋಟೀನ್ ಹೊತ್ತೊಯ್ಯುವ ಎಂಆರ್‌ಎನ್‌ಎ ಕಣಗಳಿಗೆ ನೀಲಿ ಚುಕ್ಕೆ ಇಡಿ. ಪಕ್ಕದಲ್ಲಿ ಕ್ಯಾಮ್‌ಕೈನೇಸ್-2 ಆಲ್ಫಾ, ಆರ್ಕ್ ಎಂದು ಆ ಸೂಚನೆಗಳ ಹೆಸರು ಬರೆದರೆ ಉದಾಹರಣೆಗೆ ಸಾಕು. ಡೆಂಡ್ರೈಟ್‌ನಲ್ಲಿ ಕೆಂಪು ರೈಬೋಸೋಮ್ ಚುಕ್ಕೆ ಮುಖ್ಯವಾಗಿ ಮುಳ್ಳಿನ ಬುಡದಲ್ಲಿ, ಎರಡು ಮೂರು. ಆಕ್ಸಾನ್ ಉದ್ದಕ್ಕೂ ಸುರಿಯಬೇಡಿ, ತುದಿಯಲ್ಲಿ ಒಂದೆರಡು ಇಟ್ಟರೆ ಸಾಕು.

ಮುಖ್ಯವಾದದ್ದು ಬ್ರೇಕು. ದಾರಿಯಲ್ಲಿ ಸಾಗುವಾಗ ಎಂಆರ್‌ಎನ್‌ಎ ಸುಮ್ಮನಿರಬೇಕು, ಇಲ್ಲವಾದರೆ ಪ್ರೋಟೀನ್ ತಪ್ಪು ಜಾಗದಲ್ಲಿ ಹುಟ್ಟುತ್ತದೆ. ಹಲವು ಎಂಆರ್‌ಎನ್‌ಎಗಳನ್ನು ತಡೆದು ಹಿಡಿಯುವುದು ಎಫ್‌ಎಂಆರ್‌ಪಿ ಎಂಬ ಪ್ರೋಟೀನ್. ಮುಳ್ಳಿನಲ್ಲಿರುವ, ಗ್ಲುಟಮೇಟ್ ಎಂಬ ಸಂಕೇತ ರಾಸಾಯನಿಕದ ಗ್ರಾಹಕಕ್ಕೆ ಸಂಕೇತ ಬಂದಾಗ ಆ ಹಿಡಿತ ಸಡಿಲವಾಗುತ್ತದೆ. ಇನ್ನೊಂದು ಬ್ರೇಕು 4ಇ-ಬಿಪಿ ಎಂಬ ಪ್ರೋಟೀನ್. ಅದು ಪ್ರೋಟೀನ್ ತಯಾರಿ ಶುರುಮಾಡಿಸುವ ಇಐಎಫ್4ಇ ಎಂಬ ಆರಂಭಕ ಅಂಶವನ್ನು ಕಟ್ಟಿಹಾಕಿರುತ್ತದೆ. ಎಂಟಾರ್ ಎಂಬ ಕಿಣ್ವ 4ಇ-ಬಿಪಿಗೆ ಫಾಸ್ಫೇಟ್ ಅಂಟಿಸಿದಾಗ ಅದು ಇಐಎಫ್4ಇಯನ್ನು ಬಿಟ್ಟುಕೊಡುತ್ತದೆ. ಮಕ್ಕಳು ಎಡವುವುದು ಇಲ್ಲೇ: ಎಂಟಾರ್ 4ಇ-ಬಿಪಿಯನ್ನು ಚುರುಕುಗೊಳಿಸುತ್ತದೆ ಎಂದು ಬಾಣ ಹಾಕುತ್ತಾರೆ. ಅಲ್ಲಿ ಬಾಣವಲ್ಲ, ತಡೆಯ ಅಡ್ಡಗೆರೆ ಬೇಕು.

ಬ್ರೇಕು ಯಾಕೆ ಬೇಕು ಎಂದರೆ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಬೌದ್ಧಿಕ ತೊಂದರೆಯ ಉದಾಹರಣೆ ಹೇಳಿ. ಎಫ್‌ಎಂಆರ್1 ಜೀನ್‌ನಲ್ಲಿ ಸಿಜಿಜಿ ಎಂಬ ಮೂರಕ್ಷರದ ಡಿಎನ್‌ಎ ತುಣುಕಿನ ಪುನರಾವರ್ತನೆ 200 ದಾಟಿದರೆ ಸಾಮಾನ್ಯವಾಗಿ ಜೀನ್ ಮೌನವಾಗುತ್ತದೆ, ಎಫ್‌ಎಂಆರ್‌ಪಿ ಸಿಗುವುದಿಲ್ಲ, ಸಿನಾಪ್ಸ್ ಬಳಿ ಪ್ರೋಟೀನ್ ತಯಾರಿ ಹದ ತಪ್ಪುತ್ತದೆ. ಚಾರ್ಟಿನ ಬಲಗಡೆ ಮೂಲೆಯಲ್ಲಿ ಇದನ್ನು ಬರೆಯಲು ಜಾಗವಿದೆ.

ಅಂಗಡಿಯಲ್ಲಿ ಸುರುಳಿ ಸುತ್ತಿಸಿಕೊಂಡು ತನ್ನಿ. ಮಡಚಿದರೆ ಗೆರೆ ಬಿದ್ದು ಮಾರ್ಕರ್ ಶಾಯಿ ಅಲ್ಲೇ ಕೂರುತ್ತದೆ, ಸ್ಪಿರಿಟ್‌ಗೂ ಜಗ್ಗುವುದಿಲ್ಲ.